ಮನೆಗೊಬ್ಬರ ರಕ್ತ

ನಮ್ಮ ಅವ್ವನ ಕಾಯಿಲೆಗೆ ಎರಡು ವರ್ಷ ಹೆಸರು ಸಿಗಲಿಲ್ಲ. ಸಿಗಲಿಲ್ಲ ಅನ್ನುವುದೂ ತಪ್ಪು. ಹೋದ ಹೋದಲ್ಲೆಲ್ಲ ಒಂದೊಂದು ಹೆಸರು ಸಿಕ್ಕಿತು, ಯಾವುದೂ ಅದರದ್ದಾಗಿರಲಿಲ್ಲ. ಈಗ ಅವಳು ಕೋಲು ಊರಿಕೊಂಡು, ಎಡಗಾಲು ಎಳೆಯುತ್ತಾ ಬಚ್ಚಲಿಗೆ ಹೋಗುವುದನ್ನು ನೋಡಿದಾಗ ನನಗೆ ಡಾಕ್ಟರುಗಳಿಗಿಂತ ಹೆಚ್ಚು ನಮ್ಮ ಮನೆಯ ಮೇಲೇ ಸಿಟ್ಟು ಬರುತ್ತದೆ.

ನನ್ನ ತವರು ಜಗಳೂರಿನಿಂದ ಬಸ್ಸಿನಲ್ಲಿ ಹೋಗಬೇಕಾದ ಒಂದು ಹಳ್ಳಿ. ಸ್ವಲ್ಪ ಮೆಕ್ಕೆಜೋಳ ಬಿಟ್ಟರೆ ಉಳಿದ ಬದುಕೆಲ್ಲ ಕುರಿಯದ್ದೇ. ಕುರಿ ಅಪ್ಪನವು. ಹಗಲು ಮೇಯಿಸುವವನು ಅಪ್ಪ, ಸಂತೆಗೆ ಹೊಡೆದುಕೊಂಡು ಹೋಗುವವನು ಅಪ್ಪ, ಟವೆಲ್ಲಿನ ಅಡಿ ವ್ಯಾಪಾರಿಯ ಬೆರಳು ಹಿಡಿದು ಬೆಲೆ ಕುದುರಿಸುವವನೂ ಅಪ್ಪನೇ. ಆದರೆ ಕುರಿ ಈಯುವ ಹೊತ್ತು ಬಂತೆಂದರೆ ಅಪ್ಪ ರೊಪ್ಪದ ಮುಳ್ಳುಬೇಲಿಯ ಆಚೆ ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದ. ಬಾಣಂತನ ಹೆಂಗಸರ ಕೆಲಸ, ಕುರಿಯದ್ದಾದರೂ ಅಷ್ಟೇ.

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗೆ ಎಣ್ಣೆ ಸವರಿಕೊಂಡು ಒಳಗೆ ಹೋಗುತ್ತಿದ್ದಳು. ಅಡ್ಡ ಸಿಕ್ಕಿಕೊಂಡ ಮರಿಯನ್ನು ಎಳೆದು, ಮೂಗಿನ ಲೋಳೆಯನ್ನು ಬೆರಳಲ್ಲಿ ತೆಗೆದು, ಉಸಿರಾಡದಿದ್ದರೆ ಬಾಯಿಟ್ಟು ಊದುತ್ತಿದ್ದಳು. ಮರಿಯ ಹಿಂದೆ ಮಾಸಿನ ಕಸ ಬೀಳುವವರೆಗೂ ಕಾದು, ಅದನ್ನು ಬರಿಗೈಯಲ್ಲೇ ಎತ್ತಿ ದೂರ ಹೂತು ಬರುತ್ತಿದ್ದಳು. ತಿಂಗಳು ತುಂಬುವ ಮೊದಲೇ ಕುರಿ ಸತ್ತ ಮರಿ ಹಾಕಿದರೂ ಇದೇ ಉಪಚಾರ. ಹಾಗೆ ಅಕಾಲಕ್ಕೆ ಹಾಕುವುದಕ್ಕೆ ನಮ್ಮ ಕಡೆ ಕಂದು ಹಾಕುವುದು ಅನ್ನುತ್ತಾರೆ. ಒಂದು ವರ್ಷ ನಮ್ಮ ರೊಪ್ಪದಲ್ಲಿ ಒಂದರ ಹಿಂದೆ ಒಂದು ಕುರಿ ಕಂದು ಹಾಕಿದವು. ಊರಲ್ಲಿ ಬೇರೆಯವರದೂ ಅದೇ ಕತೆ.

ಆಗಲೇ ಸಂಶೋಧನೆಯವರು ಊರಿಗೆ ಜೀಪಿನಲ್ಲಿ ಬಂದದ್ದು. ಕುರಿಗಳು ಕಂದು ಹಾಕುವ ರೋಗ ಮನುಷ್ಯರಿಗೂ ದಾಟುತ್ತದೆ, ಎಷ್ಟು ಮನೆಗೆ ದಾಟಿದೆ ಎಂದು ನೋಡಬೇಕು ಎಂದು ಹೇಳಿದರಂತೆ. ಒಳ್ಳೆಯ ಕೆಲಸವೇ. ಅಷ್ಟು ವರ್ಷ ಕುರಿಗೆ ಚುಚ್ಚುವವರು ಕೂಡ ಸರಿಯಾಗಿ ಬಾರದ ಊರಿಗೆ ಮನುಷ್ಯರ ರಕ್ತ ನೋಡುವವರು ಬಂದಿದ್ದರು. ಮನೆಗೊಬ್ಬರು ಬನ್ನಿ, ಕುರಿ ಸಾಕುವವರು ಬನ್ನಿ ಎಂದು ಕರೆದರು. ಶಾಲೆಯ ಜಗುಲಿ ಮೇಲೆ ಊರಿನ ಗಂಡಸರೆಲ್ಲ ಅಂಗಿಯ ತೋಳು ಮಡಚಿ ಸಾಲಾಗಿ ಕೂತರು. ಹೆಂಗಸರು ಟೀ ಕಾಯಿಸಿಕೊಟ್ಟರು.

ಅವತ್ತು ನಾನು ಅಲ್ಲಿರಲಿಲ್ಲ. ನ್ಯಾಮತಿಯ ಹೈಸ್ಕೂಲಿನಲ್ಲಿ ಹಿಂದಿ ಹೇಳಿಕೊಡುವುದು ನನ್ನ ಕೆಲಸ. ಅವ್ವನೇ ಫೋನು ಮಾಡಿ ಖುಷಿಯಿಂದ ಹೇಳಿದ್ದಳು, "ಜೀಪ್ನೋರಿಗೆಲ್ಲ ನಾನೇ ಟೀ ಕಾಸಿ ಕೊಟ್ಟೆ ಕಣೆ. ಒಬ್ಬಾಕಿ ಮೇಡಂ ನಿನ್ನಂಗೇ ಅವಳೆ." ಆಗಲೇ ಅವಳಿಗೆ ಸಂಜೆ ಜ್ವರ ಶುರುವಾಗಿತ್ತು. ಅದನ್ನು ಜೀಪಿನವರಿಗೆ ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ಟೀ ಕೊಟ್ಟವಳನ್ನು ಯಾರು ಕೇಳುತ್ತಾರೆ?

ಸ್ವಲ್ಪ ದಿನಕ್ಕೆ ಅಪ್ಪನಿಗೆ ಫೋನು ಬಂತು. ನಿಮಗೆ ಸೋಂಕಿಲ್ಲ ಎಂದರಂತೆ. ಸೋಂಕು ಕಂಡವರಿಗೆ ಊರಿಗೇ ಬಂದು ಮಾತ್ರೆ ಕೊಟ್ಟರು, ಅದನ್ನೂ ಹೇಳಬೇಕು. ಅಪ್ಪ ಮಾತ್ರ ಹೋಟೆಲ್ ಮುಂದೆ ಕೂತು, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದವನ ಹಾಗೆ, "ನಮ್ಮನ್ಯಾಗೆ ಇಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಂಡು ಬಂದ.

ಅವ್ವನ ಜ್ವರದ ರೀತಿಯೇ ಬೇರೆ ಇತ್ತು. ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಸಂಜೆಯಾಗುತ್ತಲೇ ಚಳಿ, ಆಮೇಲೆ ರವಿಕೆ ಹಿಂಡುವಷ್ಟು ಬೆವರು. ಕೆಲವು ದಿನ ಹೀಗೆ ಕಾಡಿ ಜ್ವರ ತಾನೇ ಬಿಟ್ಟುಹೋಗುತ್ತಿತ್ತು, ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ತಿರುಗಿ ಬರುತ್ತಿತ್ತು. ಜಗಳೂರಿನಲ್ಲಿ ರಕ್ತ ನೋಡಿ ಟೈಫಾಯಿಡ್ ಎಂದರು. ನಮ್ಮ ಕಡೆ ಜ್ವರ ಸ್ವಲ್ಪ ಹಟ ಹಿಡಿದರೆ ಸಾಕು, ಅದು ಟೈಫಾಯಿಡ್ಡೇ. ಹಿಂದೆ ಬಂದು ಹೋದ ಜ್ವರಕ್ಕೂ ಬೇರೆ ಸೋಂಕಿಗೂ ಆ ಪರೀಕ್ಷೆ ಹೌದು ಅಂದುಬಿಡಬಹುದು ಎಂದು ನನಗೆ ಆಮೇಲೆ ಗೊತ್ತಾಯಿತು. ಅವ್ವನಿಗೆ ಎಷ್ಟು ಸಲ ಟೈಫಾಯಿಡ್ ಬಂತೆಂದರೆ, ಒಬ್ಬಳಿಗೆ ಒಂದು ಜನ್ಮಕ್ಕೆ ಅಷ್ಟು ಬರಲು ಸಾಧ್ಯವೇ ಎಂದು ಯಾರಿಗಾದರೂ ಅನುಮಾನ ಬರಬೇಕಿತ್ತು.

ನ್ಯಾಮತಿಗೆ ಕರೆದುಕೊಂಡು ಬಂದೆ. ಇಲ್ಲಿ ಗ್ಲೂಕೋಸ್ ಬಾಟಲಿ ಏರಿಸಿದರು, ನಿಶ್ಶಕ್ತಿ ಎಂದರು. ಅಷ್ಟರಲ್ಲಿ ಸೊಂಟದ ನೋವು ಹತ್ತಿಕೊಂಡಿತ್ತು. ಹೊನ್ನಾಳಿಯಲ್ಲಿ ಒಬ್ಬ ಡಾಕ್ಟರು ಚೆನ್ನಾಗಿ ನೋಡುತ್ತಾರೆಂದು ಕೇಳಿ, ನನಗೆ ಪರೀಕ್ಷೆ ಡ್ಯೂಟಿ ಇದ್ದದ್ದರಿಂದ ಅಪ್ಪನ ಜೊತೆ ಕಳಿಸಿದೆ. ಅಲ್ಲಿ ನಡೆದದ್ದು ನನಗೆ ತಿಳಿದದ್ದು ಬಹಳ ತಡವಾಗಿ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಆ ಡಾಕ್ಟರು ಬುದ್ಧಿವಂತರು. ಜ್ವರದ ರೀತಿ ಕೇಳಿದ ಕೂಡಲೇ ಮನೆಯಲ್ಲಿ ಕುರಿ ಇವೆಯಾ, ಕಂದು ಹಾಕಿದ್ದವಾ, ಹಾಗಾದರೆ ಅದಕ್ಕೊಂದು ರಕ್ತಪರೀಕ್ಷೆ ಮಾಡಿಸೋಣ ಎಂದರು. ಅಪ್ಪ ಅವರ ಮಾತನ್ನು ಅರ್ಧಕ್ಕೇ ತಡೆದ.

"ಅದು ಆಗ್ಲೇ ಆಗೈತ್ರಿ ಸಾರ್. ಜೀಪ್ನೋರು ಬಂದು ರಕ್ತ ತಗಂಡೋಗಿದ್ರು. ನಮ್ಮನ್ಯಾಗೆ ಇಲ್ಲ ಅಂತ ಬಂದೈತೆ."

ಡಾಕ್ಟರು ನಂಬಿದರು. ಅವ್ವ ಪಕ್ಕದಲ್ಲೇ ಕೂತಿದ್ದಳು. ಅವಳೂ ನಂಬಿದ್ದಳು.

ಆಮೇಲೆ ಚನ್ನಗಿರಿಯ ಮೂಳೆ ಡಾಕ್ಟರು. ಎಕ್ಸರೇಯಲ್ಲಿ ಬೆನ್ನಿನ ಎರಡು ಮಣಿಗಳ ನಡುವೆ ಸವೆದದ್ದು ಕಂಡು, ಬೆನ್ನುಮೂಳೆಯ ಟಿಬಿ ಎಂದರು. ಮಾತ್ರೆ ಶುರುವಾಯಿತು, ಅದರ ಬಣ್ಣಕ್ಕೆ ಉಚ್ಚೆ ಕೆಂಪಗಾಯಿತು, ಜ್ವರವೂ ಸ್ವಲ್ಪ ಇಳಿಯಿತು. ಇಳಿದದ್ದೇ ನಮ್ಮ ಗ್ರಹಚಾರ. ಟಿಬಿಯ ಮಾತ್ರೆಗಳಲ್ಲಿ ಒಂದು ಕುರಿಯ ರೋಗಕ್ಕೂ ಕೊಡುವಂಥದ್ದೇ. ಅದೊಂದೇ ಅದನ್ನು ಕೊಲ್ಲಲಾರದು, ಸುಮ್ಮನೆ ಮಲಗಿಸುತ್ತದೆ. ಜ್ವರ ಇಳಿಯಿತು ಅಂದಮೇಲೆ ಟಿಬಿಯೇ ಎಂದು ಎಲ್ಲರೂ ಗಟ್ಟಿಯಾದರು.

ಟಿಬಿ ಎಂದು ಕೇಳಿ ಊರಲ್ಲಿ ಅವ್ವನ ತಟ್ಟೆ ಲೋಟ ಬೇರೆಯಾದವು. ಬೇರೆ ಮಾಡಿದ್ದು ಅಪ್ಪ. ನಲವತ್ತು ವರ್ಷ ಆ ಕೈಯಲ್ಲೇ ಉಂಡವನಿಗೆ ಅವಳ ಕೆಮ್ಮಿನ ಭಯ, ಅವಳಿಗೆ ಕೆಮ್ಮೇ ಇರಲಿಲ್ಲ. ಆ ತಟ್ಟೆ ತೊಳೆಯುತ್ತಿದ್ದವಳು, ಅವಳ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದವಳು ನನ್ನ ತಮ್ಮನ ಹೆಂಡತಿ. ಅವ್ವ ಬಗ್ಗಲಾರದಂತಾದ ಮೇಲೆ ರೊಪ್ಪದ ಕೆಲಸವೂ ಪೂರಾ ಅವಳ ಮೇಲೇ ಬಿದ್ದಿತ್ತು.

ಮಾತ್ರೆ ನುಂಗುತ್ತಿರುವಾಗಲೇ ಅವ್ವನ ಎಡಗಾಲು ಜೋಮು ಹಿಡಿಯತೊಡಗಿತು. ಚಪ್ಪಲಿ ಕಾಲಿಂದ ಜಾರಿಹೋದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಈ ಸಲ ರಜೆ ಹಾಕಿ ನಾನೇ ದಾವಣಗೆರೆಗೆ ಕರೆದುಕೊಂಡು ಹೋದೆ, ಅಪ್ಪನೂ ಬಂದ. ಅಲ್ಲಿದ್ದವರು ವಯಸ್ಸಾದ ಲೇಡಿ ಡಾಕ್ಟರು. ಅವ್ವನನ್ನು ಕೇಳಿದ್ದಕ್ಕೆಲ್ಲ ಅಪ್ಪನೇ ಉತ್ತರ ಕೊಡುತ್ತಿದ್ದ. ಅವರು ಪೆನ್ನು ಕೆಳಗಿಟ್ಟರು.

"ಯಜಮಾನ್ರೇ, ನೀವು ಸ್ವಲ್ಪ ಸುಮ್ನಿರ್ರಿ. ಅಮ್ಮ, ಕುರಿ ಮರಿ ಹಾಕುವಾಗ ಯಾರು ನೋಡ್ಕೊಳ್ಳೋದು?"

"ನಾನೇ ರೀ. ಮತ್ಯಾರು ನೋಡ್ತಾರೆ?" ಎಂದಳು ಅವ್ವ.

ಎರಡು ವರ್ಷದಲ್ಲಿ ಒಬ್ಬ ಡಾಕ್ಟರು ಅವಳನ್ನೇ ನೇರ ಕೇಳಿ, ಅವಳ ಬಾಯಿಂದಲೇ ಉತ್ತರ ಪಡೆದದ್ದು ಅದೇ ಮೊದಲು. ರಕ್ತ ತೆಗೆದರು, ಬೆನ್ನಿಗೆ ಸೂಜಿ ಹಾಕಿ ಒಳಗಿನದನ್ನೂ ತೆಗೆದು ಲ್ಯಾಬಿಗೆ ಕಳಿಸಿದರು. ಎರಡರಲ್ಲೂ ಕುರಿಯ ರೋಗವೇ ಬಂತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಈ ರೋಗದ ಕ್ರಿಮಿ ಸತ್ತ ಮರಿಯ ನೀರಿನಲ್ಲಿ, ಕಸದಲ್ಲಿ ತುಂಬಿರುತ್ತದೆ. ಕೈಮೇಲಿನ ಗಾಯದಿಂದಲೋ ಬಾಯಿಂದಲೋ ಒಳಗೆ ಹೋಗಿ, ನಮ್ಮನ್ನು ಕಾಯಬೇಕಾದ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ಅದಕ್ಕೇ ಜ್ವರ ಹೋಗಿ ಹೋಗಿ ಬರುವುದು. ಅವಸರವಿಲ್ಲದೆ ಮೂಳೆ ಸವೆಸುತ್ತದೆ. ಸರಿಯಾದ ಮಾತ್ರೆಯಿಂದ ರೋಗ ವಾಸಿಯಾಗುತ್ತದೆ, ಒತ್ತಿಹೋದ ನರ ಪೂರ್ತಿ ಸರಿಹೋಗುವುದು ಕಷ್ಟ ಎಂದರು. ಮೊದಲೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆಗ ಅಪ್ಪ ಬಾಯಿ ಬಿಟ್ಟ. "ಅದೆಂಗ್ರಿ ಬರ್ತೈತೆ? ನಮ್ಮನ್ಯಾಗೆ ಇಲ್ಲ ಅಂತ ಆಗ್ಲೇ ಬಂದೈತಲ್ರಿ. ಹೊನ್ನಾಳಿ ಡಾಕ್ಟ್ರಿಗೂ ಹಂಗೇ ಹೇಳೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆ ಎನ್ನುವುದನ್ನೂ ಮರೆತು ಕೂಗಿದೆ. "ಅವ್ರು ತಗಂಡಿದ್ದು ನಿನ್ನ ರಕ್ತ ಕಣಪ್ಪಾ! ಅವ್ವಂದು ಯಾವಾಗ ತಗಂಡ್ರು?"

ಅಪ್ಪನಿಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ನಿಜವಾಗಿಯೂ ಅರ್ಥವಾಗದವನಂತೆ ನನ್ನ ಮುಖ ನೋಡಿದ. "ಮನೆ ಯಜಮಾನಂದು ತಗಂಡ್ರೆ ಮನೇದು ತಗಂಡಂಗೆ ಅಲ್ಲೇನು?"

ಸಂಶೋಧನೆಯವರ ನಂಬರು ಅಪ್ಪನ ಫೋನಿನಲ್ಲಿತ್ತು. ಮಾಡಿದೆ. ಎತ್ತಿದವಳು ಬಹಳ ಮರ್ಯಾದೆಯಿಂದ ಮಾತಾಡಿದಳು, ಟೀ ಕುಡಿದು ಹೋದ ಮೇಡಂ ಅವಳೇ ಇರಬೇಕು. "ನಿಮ್ಮ ತಾಯಿಯವರ ವಿಷಯ ಕೇಳಿ ತುಂಬಾ ಬೇಜಾರಾಯಿತು ಮೇಡಂ. ಆದರೆ ಮನೆಗೊಬ್ಬರು ಅಂತ ಮೊದಲೇ ತೀರ್ಮಾನ ಆಗಿತ್ತು. ಆ ಕೆಲಸ ಮುಗಿದಿದೆ, ಈಗ ಸೇರಿಸೋಕೆ ಬರಲ್ಲ. ನಮ್ಮ ಲೆಕ್ಕದಲ್ಲಿ ನಿಮ್ಮದು ಸೋಂಕಿಲ್ಲದ ಮನೆ." ಬೈಯಬೇಕೆಂದು ಫೋನು ಮಾಡಿದ್ದೆ. ಅಷ್ಟು ಮೆತ್ತಗೆ ಮಾತಾಡುವವರನ್ನು ಬೈಯಲು ನನಗೆ ಬರಲಿಲ್ಲ, ಅದಕ್ಕೇ ಇನ್ನೂ ಹೊಟ್ಟೆ ಉರಿಯಿತು.

ಊರಿಗೆ ಬಂದು ಅವ್ವನನ್ನು ಮಂಚದ ಮೇಲೆ ಕೂರಿಸಿ ಹೊಸ ಮಾತ್ರೆ ಬಿಡಿಸಿ ಕೈಗಿಟ್ಟೆ. ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ. ಸೊಸೆ ರೊಪ್ಪದಿಂದ ಕೈ ತೊಳೆದುಕೊಂಡು ಬರುತ್ತಿದ್ದಳು, ಅವ್ವ ಅವಳನ್ನೇ ನೋಡುತ್ತಿದ್ದಳು.

"ಮೊದ್ಲು ಇವಳ ರಕ್ತ ತಗಸು. ಆಮೇಲೆ ನುಂಗ್ತೀನಿ."

"ಅವಳಿಗೇನಾಗೈತೆ? ಗುಂಡುಕಲ್ಲಿನಂಗೆ ಅವಳೆ," ಎಂದ ಅಪ್ಪ.

"ನುಂಗಲ್ಲ ಅಂದೆ," ಎಂದಳು ಅವ್ವ. ಅಪ್ಪನ ಮಾತಿಗೆ ಅವಳು ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಮಧ್ಯಾಹ್ನವೇ ತಮ್ಮನ ಹೆಂಡತಿಯನ್ನು ಕರೆದುಕೊಂಡು ದಾವಣಗೆರೆಯ ಬಸ್ಸು ಹತ್ತಿದೆ.

ಅವಳಲ್ಲೂ ಇತ್ತು. ಮೂಳೆಗೆ ಇನ್ನೂ ಹೋಗಿಲ್ಲ, ಪೂರ್ತಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ತಲೆ ತಗ್ಗಿಸಿಕೊಂಡೇ ಒಂದು ಮಾತು ಕೇಳಿದಳು, "ಹೋದ ವರ್ಷ ನನಗೆ ಐದು ತಿಂಗಳಿಗೆ ಹೋತು ಮೇಡಂ. ಅದೂ ಇದ್ರಿಂದ್ಲೇನಾ?" ಇರಬಹುದು, ಈಗ ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಆ ಮಗು ಹೋದಾಗ ನಮ್ಮ ಮನೆಯಲ್ಲಿ ಅವಳ ನಡೆ, ಅವಳ ಊಟ, ಅವಳ ತವರಿನ ಗುಣ ಎಲ್ಲವನ್ನೂ ಎತ್ತಿ ಆಡಿದ್ದರು. ಅವ್ವನೂ ಆಡಿದ್ದಳು.

ಮನೆಗೆ ಬಂದು ವಿಷಯ ಹೇಳಿದೆ. ಅವ್ವ ಸೊಸೆಯ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಬಹಳ ಹೊತ್ತು ಯೋಚನೆ ಮಾಡಿದವನ ಹಾಗೆ ಕೇಳಿದ, "ಎಲ್ಲಾ ಸರಿ. ಹಗಲೆಲ್ಲಾ ಕುರಿ ಹಿಂದೇನೇ ಇರೋನು ನಾನು. ನನಗ್ಯಾಕೆ ಬರ್ಲಿಲ್ಲ ಹಂಗಾರೆ?"

ಮದುವೆಯಾಗಿ ಬಂದಾಗಿನಿಂದ ಮಾವನ ಮುಂದೆ ತಲೆಯೆತ್ತದ ಹುಡುಗಿ ಅವಳು. ಅತ್ತೆಯ ಕೈ ಬಿಡದೆ ಅಪ್ಪನ ಮುಖ ನೋಡಿ ಹೇಳಿದಳು, "ಕುರಿ ಈಯಾವಾಗ ಒಂದ್ಸಲನಾರ ಬೇಲಿ ಒಳಗೆ ಬಂದಿದ್ರೆ ನಿಮಗೂ ಬರ್ತಿತ್ತು ಮಾವ."