ಕಿಟಕಿಗೆ ಹಿಡಿದ ಎದೆ

ಸಂಶಯಪಡುವುದಕ್ಕೆ ನನಗೆ ತಿಂಗಳ ಸಂಬಳ ಬರುತ್ತದೆ. ಕೇಳಿದವರಿಗೆ ತಮಾಷೆ ಎನಿಸಬಹುದು, ಆದರೆ ಮುಂಬಯಿ ಹತ್ತಿರದ ಡೊಂಬಿವಲಿಯ ಮೂರನೆಯ ಮಹಡಿಯ ಈ ಫ್ಲ್ಯಾಟು ನಮ್ಮದಾದದ್ದು ನನ್ನ ಸಂಶಯದ ದೆಸೆಯಿಂದಲೇ. ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟಿಂಗ್ ವಿಭಾಗದವನು. ಬೇರೆಯವರು ಕಷ್ಟಪಟ್ಟು ಕಟ್ಟಿದ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕಿ, ಅದನ್ನು ಅವರಿಗೆ ನಯವಾಗಿ ಹೇಳುವುದು ನನ್ನ ಕೆಲಸ. ಮೈಸೂರಿನಲ್ಲಿದ್ದಾಗ ಇದೇ ಗುಣವನ್ನು ಕೊಂಕು ತೆಗೆಯುವುದು ಎನ್ನುತ್ತಿದ್ದರು. ಅಮ್ಮ ಅದಕ್ಕಾಗಿ ಬೈದದ್ದಕ್ಕೆ ಲೆಕ್ಕವಿಲ್ಲ. ಇಲ್ಲಿ ಅದಕ್ಕೆ ‘ಕ್ವಾಲಿಟಿ’ ಎಂದು ಹೆಸರಿಟ್ಟು ಪ್ರಮೋಷನ್ ಕೊಟ್ಟರು.

ಕೆಲವು ವರ್ಷಗಳ ಹಿಂದೆ ನಮ್ಮ ಕಂಪನಿಗೆ ಎದೆಯ ಎಕ್ಸ್‌ರೇ ಓದಿ ಕ್ಷಯದಂಥ ಕಾಯಿಲೆ ಗುರುತಿಸುವ ಮಷೀನು ಮಾಡುವ ಹುಚ್ಚು ಹಿಡಿಯಿತು. ಮಷೀನು ಎಂದರೆ ಕೈಕಾಲಿರುವ ಯಂತ್ರವಲ್ಲ, ಕಂಪ್ಯೂಟರಿನೊಳಗೆ ಕೂತ ಒಂದು ಪ್ರೋಗ್ರಾಮು. ಅದಕ್ಕೆ ಯಾರೂ ವೈದ್ಯಶಾಸ್ತ್ರ ಹೇಳಿಕೊಡುವುದಿಲ್ಲ. ಸಾವಿರಾರು ಎಕ್ಸ್‌ರೇಗಳನ್ನು ತೋರಿಸಿ, ಇದು ಕಾಯಿಲೆಯದು, ಇದು ನೆಟ್ಟಗಿರುವುದು ಎಂದಷ್ಟೇ ಹೇಳುತ್ತ ಹೋಗುತ್ತಾರೆ. ನೋಡಿ ನೋಡಿ ಅದಕ್ಕೇ ಹದ ಸಿಗುತ್ತದೆ. ನಾನು ಹಾಪೂಸ್ ಮಾವು ಆರಿಸಲು ಕಲಿತದ್ದೂ ಹೀಗೆಯೇ. ಮೊದಲ ವರ್ಷ ಹುಳಿ ಹಣ್ಣು ತಂದು ಹೆಂಡತಿಯ ಕೈಯಲ್ಲಿ ಬೈಸಿಕೊಂಡೆ, ಎರಡನೆಯ ವರ್ಷ ಕೊಳೆತದ್ದು ತಂದು ಬೈಸಿಕೊಂಡೆ, ಮೂರನೆಯ ವರ್ಷ ಮೂಗಿಗೆ ತಾನಾಗಿಯೇ ಗೊತ್ತಾಯಿತು. ಏನು ಗೊತ್ತಾಯಿತು ಎಂದು ಕೇಳಿದರೆ ಈಗಲೂ ಹೇಳಲಾರೆ. ಮಷೀನಿನದೂ ಅದೇ ಪಾಡು. ಅದು ಅನುಮಾನ ಬಂದ ಜಾಗಕ್ಕೆ ಕೆಂಪು ಬಣ್ಣ ಬಳಿದು ತೋರಿಸುತ್ತದೆ, ಯಾಕೆ ಎಂದು ಕೇಳಿದರೆ ಸುಮ್ಮನಿರುತ್ತದೆ.

ಈ ಕಲಿಯುವ ಮಷೀನುಗಳ ತಂಡಕ್ಕೆ ಮೇಘನಾ ಎಂಬ ಬೆಂಗಳೂರಿನ ಹುಡುಗಿ ಮುಖ್ಯಸ್ಥೆ, ವಯಸ್ಸಿನಲ್ಲಿ ನನ್ನ ಅರ್ಧ. ತಪ್ಪು ಹುಡುಕಿ ಕೊಟ್ಟಾಗಲೆಲ್ಲ “ಥ್ಯಾಂಕ್ಸ್ ಸರ್” ಎಂದು ಹೇಳುವವಳು ಇಡೀ ಆಫೀಸಿನಲ್ಲಿ ಅವಳೊಬ್ಬಳೇ. ಅವಳ ಮಷೀನು ಬುದ್ಧಿವಂತ. ಆಸ್ಪತ್ರೆಗಳಿಂದ ಬಂದ ಚಿತ್ರಗಳನ್ನು ಕೊಟ್ಟು ಎಷ್ಟು ಪರೀಕ್ಷೆ ಮಾಡಿದರೂ ನನ್ನ ಕೈಗೆ ದೊಡ್ಡ ಹುಳುಕು ಸಿಗಲಿಲ್ಲ. ಆ ಬೇಸರದಲ್ಲಿ ನಾನಿದ್ದಾಗಲೇ ಮನೆಯಲ್ಲಿ ನನ್ನ ಹೆಂಡತಿ ಸುಮಂಗಲೆಗೆ ಕೆಮ್ಮು ಶುರುವಾಯಿತು.

ಸುಮಂಗಲೆ ಧಾರವಾಡದವಳು. ನಮ್ಮ ಮನೆಯಲ್ಲಿ ಎರಡು ಕನ್ನಡ ನಡೆಯುತ್ತದೆ, ಮಗಳು ಎರಡನ್ನೂ ಅರ್ಥಮಾಡಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಕೆಮ್ಮಿಗೆ ಮೊದಲು ಶುಂಠಿ, ಆಮೇಲೆ ಅರಿಶಿನದ ಹಾಲು, ಆಮೇಲೆ ಅಂಗಡಿಯ ಸಿರಪ್ಪು ಎಲ್ಲ ಆಯಿತು. ಕೆಮ್ಮು ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬೇರೆ ಬರತೊಡಗಿತು. ಅವಳು ಅಡುಗೆಮನೆಯಲ್ಲಿ ಕೆಮ್ಮಿದರೆ ನಾನು ಪೇಪರು ಓದುವುದನ್ನು ನಿಲ್ಲಿಸಿ, ಅದು ನಿಲ್ಲುವವರೆಗೆ ಒಂದೇ ಸಾಲನ್ನು ನೋಡುತ್ತ ಕೂತಿರುತ್ತಿದ್ದೆ. ಕೊನೆಗೆ ನಮ್ಮ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ಎಂದರು. ಶನಿವಾರ ಸಂಜೆ ತೆಗೆಸಿದೆವು. ಫಿಲ್ಮು ಕೈಗೆ ಬಂತು, ಆದರೆ ಅದನ್ನು ನೋಡಿ ರಿಪೋರ್ಟು ಬರೆಯುವವರು ಬರುವುದು ಸೋಮವಾರ. ನಡುವೆ ಒಂದು ಇಡೀ ಭಾನುವಾರ.

ಎಕ್ಸ್‌ರೇ ಫಿಲ್ಮನ್ನು ಲಕೋಟೆಯಲ್ಲಿ ಸುಮ್ಮನೆ ಇಟ್ಟುಕೊಂಡು ಭಾನುವಾರ ಕಳೆದ ಕುಟುಂಬ ನಮ್ಮ ದೇಶದಲ್ಲಿ ಇದ್ದಿರಲಾರದು. ಅದನ್ನು ತೆಗೆದು ಕಿಟಕಿಗೆ ಹಿಡಿಯಬೇಕು, ಇದು ಶಾಸ್ತ್ರ. ಹಿಡಿದ ಮೇಲೆ ಬಂದವರೆಲ್ಲ ಒಮ್ಮೆ ನೋಡಬೇಕು, ನೋಡಿದವರೆಲ್ಲ ಒಂದು ಮಾತು ಹೇಳಬೇಕು. ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರು ಮನೆಯ ಹೆಂಗಸು ಹೃದಯ ಸ್ವಲ್ಪ ದೊಡ್ಡದು ಕಾಣುತ್ತದೆ ಎಂದು ಮರಾಠಿಯಲ್ಲಿ ಹೇಳಿ ಹೋದರು. ಮೇಲಿನ ಮನೆಯ ಶೆಟ್ಟರು ಸ್ಟೇಷನ್ ಹತ್ತಿರ ಹೋಟೆಲು ಇಟ್ಟವರು. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, “ಎಂತ ಇಲ್ಲ ಮಾರಾಯ್ರೆ, ಕಫ ಅಷ್ಟೇ” ಎಂದರು. ಫಿಲ್ಮನ್ನು ತಲೆಕೆಳಗಾಗಿ ಹಿಡಿದಿದ್ದರು ಎಂಬುದು ಬೇರೆ ಮಾತು.

ಶೆಟ್ಟರನ್ನು ನೋಡಿ ನಾನು ನಗಲಾರೆ. ಎದೆಯ ಕಾಯಿಲೆ ಕಂಡುಹಿಡಿಯುವ ವಿದ್ಯೆಗೂ ಹೋಟೆಲಿಗೂ ಹಳೆಯ ನಂಟಿದೆ. ಯುರೋಪಿನಲ್ಲಿ ಒಬ್ಬ ಛತ್ರದವನು ಪೀಪಾಯಿಯನ್ನು ಬೆರಳಿನಿಂದ ಬಡಿದು, ಒಳಗೆ ಪಾನಕ ಎಷ್ಟಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದನಂತೆ. ಅವನ ಮಗ ಮುಂದೆ ವೈದ್ಯನಾಗಿ, ಅದೇ ರೀತಿ ರೋಗಿಯ ಎದೆಯನ್ನು ಬಡಿದು ನೀರು ತುಂಬಿದೆಯೋ ಇಲ್ಲವೋ ಎಂದು ಹೇಳತೊಡಗಿದನಂತೆ. ಇವತ್ತಿಗೂ ಡಾಕ್ಟರರು ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟುವುದು ಆ ಛತ್ರದ ವಿದ್ಯೆಯೇ. ಇದನ್ನು ಹೇಳಿದಾಗ ಶೆಟ್ಟರಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಪೀಪಾಯಿಯಲ್ಲಿ ಇದ್ದದ್ದು ಪಾನಕವಲ್ಲ, ಮದ್ಯ ಎಂದು ಹೇಳುವ ಮನಸ್ಸಾಗಲಿಲ್ಲ. ಅವರದು ಶುದ್ಧ ಶಾಕಾಹಾರಿ ಹೋಟೆಲು.

ಅವರೆಲ್ಲ ಹೋದ ಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಟೆಸ್ಟಿಂಗಿಗೆಂದು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮೇಘನಾಳ ಮಷೀನು ಮನೆಯಲ್ಲೇ ಇತ್ತು. ಫಿಲ್ಮು ಇನ್ನೂ ಕಿಟಕಿಯಲ್ಲಿತ್ತು, ಫೋನಿನಿಂದ ಅದರ ಫೋಟೋ ತೆಗೆದು ಮಷೀನಿಗೆ ಕೊಟ್ಟೆ. ಅದು ಒಂದು ಗಳಿಗೆ ಯೋಚಿಸಿ, ಬಲಗಡೆಯ ಶ್ವಾಸಕೋಶದ ತುಂಬ ಕೆಂಪು ಬಳಿಯಿತು. ಕೆಳಗೆ ‘ಅನುಮಾನ: ತೀವ್ರ’ ಎಂಬ ಅರ್ಥದ ಇಂಗ್ಲಿಷ್ ಬರಹ. ಎಡಗಡೆಯೂ ಅಲ್ಲಲ್ಲಿ ಕೆಂಪು.

ಸಂಶಯವೇ ವೃತ್ತಿಯಾದ ಮನುಷ್ಯ ಆ ಕೆಂಪನ್ನು ಒಂದು ಕ್ಷಣವೂ ಸಂಶಯಿಸಲಿಲ್ಲ. ನಾನೇ ಎಷ್ಟೋ ತಿಂಗಳು ಪರೀಕ್ಷೆ ಮಾಡಿ ಪಾಸು ಮಾಡಿದ ಮಷೀನು, ಅದು ತಪ್ಪುವುದು ಹೇಗೆ? ಇವಳಿಲ್ಲದ ಮನೆ ಹೇಗಿರುತ್ತದೆ ಎಂಬಲ್ಲಿಯವರೆಗೆ ಮನಸ್ಸು ಓಡಿಹೋಗಿ, ಅಲ್ಲಿ ಗ್ಯಾಸು ಹಚ್ಚಲೂ ಬಾರದೆ ನಿಂತುಕೊಂಡಿತು. ಲ್ಯಾಪ್‌ಟಾಪು ಮುಚ್ಚಿ, ತೆಂಗಿನಕಾಯಿ ತರುತ್ತೇನೆ ಎಂದು ಹೊರಟೆ. ಬರುವಾಗ ಕೊತ್ತಂಬರಿ ತಂದೆ.

ಬಾಗಿಲಲ್ಲೇ ಸುಮಂಗಲೆ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಕೊತ್ತಂಬರಿ ನೋಡಿದಳು. ನಿಮ್ಮ ಮಷೀನು ಏನಂತು ಎಂದು ಕೇಳಿದಳು. ಏನೂ ಇಲ್ಲವಂತೆ ಎಂದೆ. ಹಾಗಾದರೆ ತೋರಿಸಿ ಎಂದಳು. ತೋರಿಸದೆ ವಿಧಿಯಿರಲಿಲ್ಲ. ಅವಳು ಬಗ್ಗಿ ಆ ಕೆಂಪು ಚಿತ್ರವನ್ನು ನೋಡಿದಳು, ಕೆಮ್ಮಿದಳು, ಮತ್ತೆ ನೋಡಿದಳು. ಆಮೇಲೆ ಬೆರಳಿಟ್ಟು ತೋರಿಸಿದಳು.

“ಅಲ್ರೀ, ಇದು ನನ್ನ ಎದಿ ಅಲ್ಲ. ಇದು ನಮ್ಮ ಕಿಡಕಿ ಗ್ರಿಲ್. ಇಲ್ಲಿ ನೋಡ್ರಿ, ನಿಮ್ಮ ಬನೀನಿಗೆ ಹಾಕಿದ ಕ್ಲಿಪ್ಪು.”

ನಿಜ. ಫಿಲ್ಮಿನ ಹಿಂದಿನಿಂದ ಗ್ರಿಲ್ಲಿನ ಸರಳುಗಳೂ ಬಟ್ಟೆ ಒಣಹಾಕುವ ಹಗ್ಗವೂ ಮಸುಕಾಗಿ ಮೂಡಿದ್ದವು. ಆಸ್ಪತ್ರೆಯ ಕಂಪ್ಯೂಟರಿನಿಂದ ನೇರ ಬಂದ ಚಿತ್ರಗಳನ್ನು ಮಾತ್ರ ನೋಡಿ ಬೆಳೆದ ಮಷೀನಿಗೆ ಡೊಂಬಿವಲಿಯ ಕಿಟಕಿ ಎಲ್ಲಿಂದ ಗೊತ್ತಾಗಬೇಕು? ಪಾಪ, ಅದು ನಮ್ಮ ಮನೆಯ ಗ್ರಿಲ್ಲನ್ನು ಕ್ಷಯವೆಂದು ತಿಳಿದಿತ್ತು. ಲ್ಯಾಪ್‌ಟಾಪಿನ ಪರದೆಯನ್ನು ಬೆಳ್ಳಗೆ ಮಾಡಿ, ಅದರ ಮೇಲೆ ಫಿಲ್ಮಿಟ್ಟು ಮತ್ತೆ ಫೋಟೋ ತೆಗೆದು ಕೊಟ್ಟೆ. ಈಗ ಕೆಂಪು ಒಂದು ಚುಕ್ಕೆಯೂ ಇಲ್ಲ. ಅನುಮಾನವಿಲ್ಲ ಎಂದಿತು. ವಿಚಿತ್ರ ನೋಡಿ, ಆಗ ನನ್ನ ಸಂಶಯವೆಲ್ಲ ಎದ್ದು ಕೂತಿತು. ಕೋನ ಬದಲಿಸಿ, ಬೆಳಕು ಬದಲಿಸಿ ಮತ್ತೆ ಮತ್ತೆ ಕೊಟ್ಟೆ. ಕೆಟ್ಟ ಸುದ್ದಿಯನ್ನು ಒಂದೇ ಮಾತಿಗೆ ನಂಬಿದವನು ಒಳ್ಳೆಯ ಸುದ್ದಿಗೆ ಸಾಕ್ಷಿ ಕೇಳುತ್ತ ಕೂತೆ. ಮಗಳು ಬಂದು “ಪಪ್ಪಾ, ಬಸ್ ಕರೋ ಅಬ್” ಎಂದು ಲ್ಯಾಪ್‌ಟಾಪು ಮುಚ್ಚಿದಳು.

ಊಟಕ್ಕೆ ಕೂತಾಗ ಸುಮಂಗಲೆ ಗ್ರಿಲ್ಲಿನ ವಿಷಯ ಬಿಟ್ಟು ಬೇರೆ ಮಾತು ತೆಗೆದಳು. “ಹೆದರಿಕಿ ಬಂದಿದ್ರ ಬಂದದ ಅಂತ ಹೇಳ್ರಿ. ಸುಳ್ಳು ಯಾಕ ಹೇಳಿದ್ರಿ? ನಾ ಏನು ನಿಮ್ಮ ಪ್ರೋಗ್ರಾಮ್ ಏನ್ರೀ, ಪಾಸೋ ಫೇಲೋ ಎರಡ ಮಾತು ಹೇಳ್ಲಿಕ್ಕೆ?” ಕೊತ್ತಂಬರಿ ಚಟ್ನಿ ಚೆನ್ನಾಗಿದೆ ಎಂದೆ.

ಸೋಮವಾರ ಡಾಕ್ಟರಮ್ಮ ರಿಪೋರ್ಟು ಓದಿ, ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿ, ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ ಎಂದರು. ಆದರೆ ಕೆಮ್ಮು ಇದೆಯಲ್ಲ ಎಂದು ಕುರ್ಚಿ ಎಳೆದುಕೊಂಡು ಪ್ರಶ್ನೆ ಕೇಳತೊಡಗಿದರು. ಮನೆಯಲ್ಲಿ ಊದುಬತ್ತಿ ಹಚ್ಚುತ್ತೀರಾ, ಗೋಡೆಗೆ ತೇವವಿದೆಯೇ, ಹಕ್ಕಿ ಸಾಕಿದ್ದೀರಾ? ಸಾಕಿಲ್ಲ, ಆದರೆ ದಿನಾ ಬೆಳಗ್ಗೆ ಕಿಟಕಿಯಲ್ಲಿ ಪಾರಿವಾಳಗಳಿಗೆ ಜೋಳ ಹಾಕುತ್ತೇನೆ ಎಂದಳು ಸುಮಂಗಲೆ. ಅದು ಶುರುವಾದದ್ದು ಹಿಂದಿನ ವರ್ಷ ಅವಳ ಅವ್ವ ತೀರಿಕೊಂಡು, ಕಾಗೆಗೆಂದು ಅಲ್ಲಿ ಅನ್ನ ಇಟ್ಟಾಗ. ಕಾಗೆ ಬರಲಿಲ್ಲ, ಪಾರಿವಾಳ ಬಂತು. ಬಂದದ್ದನ್ನು ಅವ್ವ ಕಳಿಸಿದ್ದೆಂದು ತಿಳಿದು ಜೋಳ ಹಾಕುತ್ತಲೇ ಬಂದಿದ್ದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಪಾರಿವಾಳದ ಹಿಕ್ಕೆ, ಗರಿಯ ಧೂಳು ಕೆಲವರ ಶ್ವಾಸಕೋಶಕ್ಕೆ ಆಗುವುದಿಲ್ಲ, ಇಲ್ಲಿ ಇತ್ತೀಚೆಗೆ ಇಂಥವರು ಬಹಳ ಬರುತ್ತಿದ್ದಾರೆ ಎಂದರು. ಜೋಳ ನಿಲ್ಲಿಸಿ, ಕಿಟಕಿಗೆ ಬಲೆ ಹಾಕಿಸಿ, ಮಾತ್ರೆ ತೆಗೆದುಕೊಳ್ಳಿ, ಸ್ವಲ್ಪ ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ನೋಡೋಣ. ಆಗಲೂ ಉಸಿರು ಸರಿಹೋಗದಿದ್ದರೆ ಅಥವಾ ಫಿಲ್ಮಿನಲ್ಲಿ ಕಲೆ ಕಂಡರೆ ನೆರೂಳಿನ ದೊಡ್ಡ ಆಸ್ಪತ್ರೆಗೆ ಹೋಗಿ ಶ್ವಾಸಕೋಶದ ಸಣ್ಣ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕಾಗುತ್ತದೆ ಎಂದರು.

ಕಾಯಿಲೆ ಬಂದದ್ದೇ ಕಿಟಕಿಯಿಂದ, ಅದನ್ನೇ ತೋರಿಸಿದ ನಿಮ್ಮ ಮಷೀನೇ ಸರಿ ಎಂದು ಶೆಟ್ಟರು ಈಗಲೂ ವಾದಿಸುತ್ತಾರೆ. ಅವರಿಗೆ ಹೊಸ ವೈದ್ಯದ ಮೇಲೆ ಇರುವ ದೂರು ಒಂದೇ. ಆ ವರ್ಷ ಅವರ ಪಿತ್ತಕೋಶವನ್ನು ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ತೆಗೆದಿದ್ದರು. ಮರುದಿನವೇ ಮನೆಗೆ ಬಂದರು. ಅವರ ಅಪ್ಪನ ಕಾಲದಲ್ಲಿ ಆಪರೇಷನ್ ಎಂದರೆ ಗೇಣುದ್ದದ ಹೊಲಿಗೆ, ಜೀವಮಾನವಿಡೀ ಅಂಗಿ ಎತ್ತಿ ತೋರಿಸಬಹುದಿತ್ತು. “ನಾಲ್ಕು ಜನಕ್ಕೆ ತೋರಿಸ್ಲಿಕ್ಕೆ ಎಂತದೂ ಇಲ್ಲ ಮಾರಾಯ್ರೆ” ಎಂದು ಅವರು ನೊಂದುಕೊಂಡರು. ಚೂರು ತೆಗೆಯುವುದೂ ಈಗ ಅಷ್ಟೇ ಸುಲಭ ಎಂದು ಸುಮಂಗಲೆಗೆ ಧೈರ್ಯ ಹೇಳುವುದು ಅವರ ಉದ್ದೇಶವಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಆಫೀಸಿನಲ್ಲಿ ಗ್ರಿಲ್ಲಿನ ಕಥೆ ಹೇಳಿದರೆ ಎಲ್ಲರೂ ನಕ್ಕರು, ಮೇಘನಾ ನಗಲಿಲ್ಲ. “ಸರ್, ಎಲ್ಲರೂ ಕಿಟಕಿಗೇ ತಾನೇ ಹಿಡಿಯೋದು? ಬದಲಾಪುರದಾಚೆ ಸಣ್ಣ ಊರುಗಳಲ್ಲಿ ಇದನ್ನ ಬಳಸೋರಿಗೆ ಫಿಲ್ಮು ಬಿಟ್ರೆ ಬೇರೇನಿರುತ್ತೆ?” ಎಂದಳು. ಮರುದಿನದಿಂದ ನಾವು ಹಳೆಯ ಫಿಲ್ಮುಗಳನ್ನು ಕಿಟಕಿಗೆ, ಟ್ಯೂಬ್‌ಲೈಟಿಗೆ, ಆಫೀಸಿನ ಬಸ್ಸಿನ ಗಾಜಿಗೆ ಹಿಡಿದು ಫೋಟೋ ತೆಗೆದೆವು. ಕ್ಯಾಂಟೀನಿನವರು ನಮ್ಮನ್ನು ನೋಡಿ ದೂರ ಸರಿದರು. ಅವಳು ಮಷೀನಿಗೆ ಇನ್ನೊಂದು ಪಾಠವನ್ನೂ ಕಲಿಸಿದಳು: ನೋಡಿ ಅಭ್ಯಾಸವಿಲ್ಲದ ಚಿತ್ರ ಬಂದರೆ ಕೆಂಪು ಬಳಿಯಬೇಡ, ಇದು ನನಗೆ ಗೊತ್ತಿಲ್ಲ ಎಂದು ಹೇಳು. ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ ಅಂತೆ. ರೋಗ ಗುರುತಿಸುವುದನ್ನು ಬೇಗ ಕಲಿತ ಮಷೀನು ಗೊತ್ತಿಲ್ಲ ಎನ್ನುವುದನ್ನು ಕಲಿಯಲು ತಿಂಗಳುಗಟ್ಟಲೆ ತೆಗೆದುಕೊಂಡಿತು. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ನಾನು ಐವತ್ತು ದಾಟಿದ್ದೆ, ನನಗೇ ಇನ್ನೂ ಬಂದಿರಲಿಲ್ಲ.

ಸುಮಂಗಲೆ ಜೋಳ ನಿಲ್ಲಿಸಿದಳು. ಬಲೆಯಾಚೆ ಪಾರಿವಾಳಗಳು ಕೂತು ಒಳಗೆ ಇಣುಕುವಾಗ ಅವಳು ಅತ್ತ ಮುಖ ಮಾಡುತ್ತಿರಲಿಲ್ಲ. ಕೆಮ್ಮು ಇಳಿಯಿತು, ಪೂರ್ತಿ ಹೋಗಲಿಲ್ಲ. ಎರಡನೆಯ ಎಕ್ಸ್‌ರೇಯೂ ಗ್ರಹಚಾರಕ್ಕೆ ಶನಿವಾರವೇ ಆಯಿತು. ಲಕೋಟೆ ಹಿಡಿದು ರಿಕ್ಷಾದಲ್ಲಿ ಬರುವಾಗ ಅವಳು ನನಗೇನು ಅನಿಸುತ್ತದೆ ಎಂದು ಕೇಳಿದಳು.

“ಗೊತ್ತಿಲ್ಲ ಕಣೆ. ಭಯ ಆಗ್ತಿದೆ” ಎಂದೆ.

“ನನಗೂ ಆಗೇದ” ಎಂದು ಅವಳು ಲಕೋಟೆಯನ್ನು ತನ್ನ ಚೀಲದೊಳಗೆ ಹಾಕಿಕೊಂಡಳು. ಆ ಭಾನುವಾರ ಅದು ಕಪಾಟಿನ ಮೇಲೇ ಇತ್ತು. ಯಾರಿಗೂ ತೋರಿಸಲಿಲ್ಲ. ಇಬ್ಬರೂ ಹೆದರಿಕೊಂಡು ರೊಟ್ಟಿ ತಿಂದು, ಹೆದರಿಕೊಂಡೇ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆವು.

ಸೋಮವಾರ ಡಾಕ್ಟರಮ್ಮ ಫಿಲ್ಮು ನೋಡಿದರು, ಬೆನ್ನಿಗೆ ಸ್ಟೆಥೊಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು, ಎದೆಯನ್ನು ತಟ್ಟಿದರು. ಎಲ್ಲ ನೆಟ್ಟಗಿದೆ, ನೆರೂಳಿಗೆ ಹೋಗುವುದು ಬೇಡ ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಕೂಡಲೇ, ಇಷ್ಟು ದಿನ ಗಟ್ಟಿಯಾಗಿದ್ದ ಸುಮಂಗಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಸಮಾಧಾನ ಮಾಡಲು ಹೋದ ನಾನೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು.

ಸರದಿಯಲ್ಲಿ ಕೂತವರೆಲ್ಲ ನಮ್ಮನ್ನೇ ನೋಡಿದರು. ನೋಡಿ ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದರು. ಒಬ್ಬ ಹೆಂಗಸು ತನ್ನ ನೀರಿನ ಬಾಟಲಿಯನ್ನು ಸುಮಂಗಲೆಯ ಕೈಗೆ ಕೊಟ್ಟು, ಬೆನ್ನು ಸವರಿ, ಎದೆಗುಂದಬೇಡ ತಾಯಿ, ಈಗ ಎಲ್ಲದಕ್ಕೂ ಔಷಧಿ ಬಂದಿದೆ ಎಂದು ಮರಾಠಿಯಲ್ಲಿ ಹೇಳಿದಳು. ಹೇಳುತ್ತ ಅವಳ ಕಣ್ಣೂ ಒದ್ದೆಯಾಯಿತು. ಕಣ್ಣಾರೆ ಕಂಡ ಚಿತ್ರದಿಂದ ಪೂರ್ತಿ ತಪ್ಪು ರೋಗ ಗುರುತಿಸಿದ್ದಳು. ತಪ್ಪು ಕಂಡಲ್ಲಿ ತಿದ್ದುವುದು ನನ್ನ ಹೊಟ್ಟೆಪಾಡು. ಅವತ್ತು ತಿದ್ದಲಿಲ್ಲ. ಇಬ್ಬರೂ ಅವಳ ಬಾಟಲಿಯಿಂದ ನೀರು ಕುಡಿದೆವು.