ಬಿಸಿಲಿಗೆ ದಾರಿ ಬಿಡಿಸುವ ಮಿಸ್ತ್ರಿ

ಕೊಲ್ಲಾಪುರದ ಮಹಾದ್ವಾರ ಬೀದಿ ಇನ್ನೂ ಆಕಳಿಸುತ್ತಿದೆ. ಅಂಬಾಬಾಯಿಯ ಗುಡಿಯಲ್ಲಿ ನಸುಕಿನ ಕಾಕಡಾರತಿ ಮುಗಿದು ಹೂವಿನವರು ಬುಟ್ಟಿ ಬಿಚ್ಚುವಷ್ಟರಲ್ಲಿ ಬಡಗಿ ರಂಗರಾವ್ ಸುತಾರ ಏಣಿ ಹೊತ್ತು ಬಂದಾಗಿದೆ. ಸೀರೆ ಅಂಗಡಿಯ ತಗಡಿನ ಚಪ್ಪರದ ಮೊಳೆ ಕಿತ್ತು ಬಾಯಲ್ಲಿ ಕಚ್ಚಿಕೊಳ್ಳುತ್ತಾರೆ. ಆಗ ಏನು ಕೇಳಿದರೂ ಹೂಂ, ಊಹೂಂ, ಅಷ್ಟೇ.

"ಬಂದ್ರಪಾ ಸೂರ್ಯನ ಏಜೆಂಟ್ರು," ಎಂದು ಅಂಗಡಿಯ ಜಯಸಿಂಗ್ ಶಟರ್ ಎತ್ತುತ್ತಾ ಕಿಚಾಯಿಸುತ್ತಾರೆ. "ಹೋದ ಸಲ ಚಪ್ರ ಸೊಟ್ಟ ಕೂಡಿಸಿ ಹೋದ್ರಿ. ಮಳಿಗಾಲದಾಗ ಸೀರಿ ಎಲ್ಲಾ ತೊಯ್ದು ಹೋದುವು."

ರಂಗರಾವ್ ಮೊಳೆಗಳನ್ನು ಅಂಗೈಗೆ ಉಗುಳುತ್ತಾರೆ. "ಸೊಟ್ಟ ಇರೂದು ನಿಮ್ಮಪ್ಪ ಕಟ್ಟಿಸಿದ ಗ್ವಾಡಿ, ಭಾವೂ. ಚಪ್ರ ಪಾಪ ಏನ್ ಮಾಡ್ತೈತಿ?"

ಕಿರಣೋತ್ಸವ ಬಂತೆಂದರೆ ಇವರಿಗೆ ಪುರಸೊತ್ತಿಲ್ಲ. ಮುಳುಗುವ ಸೂರ್ಯನ ಬೆಳಕು ರಂಕಾಳಾ ಕೆರೆಯ ಕಡೆಯಿಂದ ಈ ಬೀದಿಗುಂಟ ಬಂದು, ಮಹಾದ್ವಾರ ದಾಟಿ ಗರ್ಭಗುಡಿ ಹೊಗುತ್ತದೆ. ಮೊದಲ ಸಂಜೆ ದೇವಿಯ ಪಾದ, ಮರುದಿನ ಎದೆ, ಮೂರನೆಯ ದಿನ ಮುಖ. ಗುಡಿ ಕಟ್ಟಿದವರು ಲೆಕ್ಕ ಹಾಕಿಯೇ ಕಟ್ಟಿದ್ದರು. ನಡುವೆ ಇಡೀ ಊರು ಬೆಳೆದು ನಿಂತೀತೆಂದು ಅವರಿಗೇನು ಕನಸು ಬಿದ್ದಿತ್ತೇ? ಚಪ್ಪರ, ಬೋರ್ಡು, ಬಟ್ಟೆ ಹರವುವ ತಂತಿ, ಅಡ್ಡ ಬರುವುದನ್ನೆಲ್ಲ ಬಿಚ್ಚಿ ಹಬ್ಬ ಮುಗಿದ ಮೇಲೆ ಮತ್ತೆ ಕೂಡಿಸುವುದು ರಂಗರಾವ್ ಪಾಲಿಗೆ ಬಂದ ಕೆಲಸ. ಮೊದಲು ಅವರಪ್ಪ ಮಾಡುತ್ತಿದ್ದರು. ಕೂಲಿ ಅಂಗಡಿಯವರ ಮರ್ಜಿ. ಸಂಜೆ ಜನರೆಲ್ಲ ಗುಡಿಯೊಳಗೆ ಕತ್ತು ಚಾಚಿ ನಿಂತಾಗ ಇವರು ಬೀದಿಯಲ್ಲಿ, ಬಿಸಿಲಿಗೆ ಅಡ್ಡ ನಿಂತವರನ್ನು ಗದರುತ್ತಿರುತ್ತಾರೆ.

"ಒಳಗ ಗಂಟಿ ಬಾರಿಸಿದ್ರ ಮುಟ್ಟಿತು ಅಂತ ತಿಳಕೋತೀನಿ," ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಕೊನೆಯ ಸಂಜೆ ಗಂಟೆ ಬಾರಿಸಲಿಲ್ಲ. ಕಿರಣ ದೇವಿಯ ಕೊರಳಿಗೆ ಬಂದು ನಿಂತುಬಿಟ್ಟಿತು. ಊರಿಗೆ ಊರೇ ಮುಖ ಸಣ್ಣ ಮಾಡಿತು. ಏನು ಅಡ್ಡ ಬಂತೆಂದು ಓಣಿಯ ಹಿರಿಯರು ಕೇಳಿದಾಗ ರಂಗರಾವ್ ಹೌಸಾಬಾಯಿಯ ಚಹಾ ಗಾಡಿಗೆ ನೆರಳಾಗಿದ್ದ ಬಾದಾಮಿ ಮರಕ್ಕೆ ಬೆರಳು ಮಾಡಿದರು.

"ಖಾತ್ರಿ ಇರ್ಲಿಲ್ಲ ನನಗ. ಚಪ್ರ ಒಂದೂ ಬಿಡದ ತಗದಿದ್ದೆ. ಆದ್ರೂ ತಪ್ಪು ನನ್ನ ತಲಿ ಮ್ಯಾಲ ಬರತೈತಿ ಅಂತ ಅಂಜಿದೆ. ಮರಕ್ಕ ಬಾಯಿ ಇಲ್ಲ ನೋಡ್ರಿ."

ಮರ ಉರುಳಿತು. ಹೌಸಾಬಾಯಿ ಸೊಸೆಯಾಗಿ ಬಂದ ವರ್ಷ ಅತ್ತೆ ನೆಟ್ಟ ಮರ ಅದು. ಮರುವರ್ಷವೂ ಕಿರಣ ಕೊರಳಿಗೇ ನಿಂತಿತು. ಪಡುವಣದ ಅಂಚಿನಲ್ಲಿ ಮೋಡವಿತ್ತು. ಹಿಂದಿನ ಸಲವೂ ಹೀಗೇ ಮೋಡ ಕವಿದಿತ್ತಲ್ಲ ಎಂದು ಆಗ ಒಬ್ಬೊಬ್ಬರಿಗೇ ನೆನಪಾಗತೊಡಗಿತು.

ಗಾಡಿಗೆ ಈಗ ಪ್ಲಾಸ್ಟಿಕ್ ಹಾಳೆಯ ನೆರಳು. ಹಬ್ಬಕ್ಕೆ ಅದನ್ನೂ ಬಿಚ್ಚಬೇಕು. ಆದರೆ ಏಣಿ ಅಲ್ಲಿಗೆ ಬರುವ ಮೊದಲೇ ಹೌಸಾಬಾಯಿ ತಾವೇ ಬಿಚ್ಚಿ ಮಡಚಿಟ್ಟು, ಬಯಲಲ್ಲಿ ಕೂತು ಹಾಲು ಕಾಯಿಸುತ್ತಿರುತ್ತಾರೆ. ಮಿಸ್ತ್ರಿಯ ಕೈ ಅದಕ್ಕೆ ತಾಗಬಾರದು. ಮರ ಹೋದಾಗಿನಿಂದ ರಂಗರಾವ್ ಜೊತೆ ಆಕೆಯ ಮಾತಿಲ್ಲ, ಒಂದು ಬೈಗುಳವೂ ಇಲ್ಲ.

"ಬೈದಿದ್ರ ಚಲೋ ಇತ್ತು. ಬಾಯಿ ತುಂಬ ಬೈಲಿ, ಅಷ್ಟ ಸಾಕು ನನಗ," ಎನ್ನುವಾಗ ರಂಗರಾವ್ ದನಿ ತಗ್ಗುತ್ತದೆ.

ಇವತ್ತು ಅವರು ಒಂದು ಬಾದಾಮಿ ಸಸಿ ತಂದಿದ್ದಾರೆ. ಗಾಡಿಯ ಮುಂದಿಟ್ಟು ತಪ್ಪಿತಸ್ಥರಂತೆ ನಿಲ್ಲುತ್ತಾರೆ. ಹೌಸಾಬಾಯಿ ಚಹಾ ಸೋಸಿ, ಗಿರಾಕಿಗಳಿಗೆಲ್ಲ ಕೊಟ್ಟು, ಕೊನೆಗೆ ಸಸಿಯತ್ತ ನೋಡುತ್ತಾರೆ.

"ಐದಾರು ವರ್ಷಕ್ಕ ಇದೂ ಎತ್ತರ ಬೆಳಿತೈತಿ, ಮಿಸ್ತ್ರಿ. ಆವಾಗೂ ಬೆಳಕು ಮುಟ್ಟಲಿಲ್ಲ ಅಂದ್ರ, ಕೇಳಾಕ ಬಂದವರಿಗೆ ಏನ್ ಹೇಳ್ತಿ?"

ರಂಗರಾವ್ ಬಗ್ಗಿ ಸಸಿಯ ಬುಡದ ಮಣ್ಣು ಒತ್ತುತ್ತಾರೆ. "ನನಗ ಗೊತ್ತಿಲ್ಲ ಅಂತೀನಿ, ಮಾವಶಿ."

"ಅಷ್ಟ ಮಾತು ಆವತ್ತ ಅಂದಿದ್ರ ಸಾಕಾಗ್ತಿತ್ತು," ಎಂದು ಹೌಸಾಬಾಯಿ ಅವರ ಕೈಗೆ ಚಹಾ ಕೊಡುತ್ತಾರೆ.