ಬಿಸಿಯಿರುವಾಗ ತೆಗೆದ ಅಳತೆ

…ಅಥವಾ ಆ ದಿನ ಅಂಗಡಿಯಲ್ಲಿ ಆಡಿದ ಮಾತಿನ ಬಾಲಕ್ಕೆ ಇನ್ನೊಂದೆರಡು ಮಾತು ಸೇರಿಸಿದ್ದೆನೋ ಏನೋ. ಹೇಳಿದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ, ನಡುವೆ ಹನ್ನೊಂದು ವರ್ಷ — ಶಬ್ದಗಳ ಮೇಲೆ ನನಗೆ ಭರವಸೆಯಿಲ್ಲ. ಇಷ್ಟು ಮಾತ್ರ ಖಂಡಿತ: ನನ್ನ ಕೈಯ ತಪ್ಪನ್ನು ಸಂಜೀವಣ್ಣನ ತಲೆಗೆ ಕಟ್ಟಿದೆ. ಅದಕ್ಕಾಗಿ ಹೆತ್ತ ತಾಯಿಯ ಬಗ್ಗೆ ಸುಳ್ಳು ಹೇಳಿದೆ.

ಮೂಡುಬಿದಿರೆಯಲ್ಲಿ ನನ್ನದು ಲೇತ್ ಅಂಗಡಿ. ಬೈಕಿನ ಇಂಜಿನ್ನಿನಿಂದ ಬ್ಲಾಕ್ ಬಿಚ್ಚಿ ತಂದರೆ, ಅದರ ಸಿಲಿಂಡರನ್ನು ಒಳಗಿನಿಂದ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸಿಕೊಡುತ್ತೇನೆ. ಸಿಸಿ ಹೆಚ್ಚುತ್ತದೆ, ಎಳೆತ ಹೆಚ್ಚುತ್ತದೆ. ಹೆಚ್ಚಿನವರು ಬರುವುದು ವೇಗದ ಹುಚ್ಚಿಗೆ. ಸಂಜೀವಣ್ಣ ಬಂದದ್ದು ಮೀನಿಗಾಗಿ. ವಾಮದಪದವಿನವರು. ಬೆಳಿಗ್ಗೆ ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿ, ಶಿರ್ತಾಡಿಯ ಮನೆಮನೆಯ ಮುಂದೆ ಹಾರ್ನ್ ಹೊಡೆಯುತ್ತ ಹೋಗುವವರು. ನಮ್ಮ ಮನೆಯೂ ಆ ದಾರಿಯಲ್ಲೇ. ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಹೊತ್ತು ಏರು ಹತ್ತಲು ಆ ಬೈಕಿಗೆ ದಮ್ಮು ಸಾಲುತ್ತಿರಲಿಲ್ಲ. ಬೈಕ್ ಅವರದ್ದೂ ಅಲ್ಲ, ದುಬೈಯಲ್ಲಿದ್ದ ಹೆಂಡತಿಯ ತಮ್ಮ ಹರೀಶನದ್ದು. ಫೋನಿನಲ್ಲಿ ಅವನ ಒಪ್ಪಿಗೆ ಕೇಳಿಯೇ ನನ್ನಲ್ಲಿಗೆ ತಂದಿದ್ದರು.

ಕೊರೆದ ಬ್ಲಾಕ್ ಬಿಸಿಯಿರುತ್ತದೆ. ಬಿಸಿಯಲ್ಲಿ ಕಬ್ಬಿಣ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ತಣ್ಣಗಾದ ಮೇಲೆ ಅಳೆದು, ಪಿಸ್ಟನ್ನಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿದಿದೆಯೇ ಎಂದು ನೋಡಬೇಕು. ಆ ದಿನ ನಾನು ಬಿಸಿಯಲ್ಲೇ ಅಳೆದೆ. ಕರೆಂಟು ಹೋಗುವುದಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಅನಿಸುತ್ತದೆ — ಹಸಿವಾಗಿತ್ತು, ಅಷ್ಟೇ. ಊಟಕ್ಕೆ ಏಳುವ ಮೊದಲು ಆ ಕೆಲಸ ಮುಗಿಸಿ ಕೈ ತೊಳೆದುಕೊಳ್ಳಬೇಕಿತ್ತು.

ಬೈಕ್ ಒಪ್ಪಿಸುವಾಗ ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ. “ಮೊದಲ ಐನೂರು ಕಿಲೋಮೀಟರ್ ನಲವತ್ತು ದಾಟ್ಬಾರ್ದು ಸಂಜೀವಣ್ಣ. ಏರಿನಲ್ಲಿ ಬಿಸಿಯಾದ್ರೆ ನಿಲ್ಸಿ, ತಣ್ಣಗಾದ ಮೇಲೆ ಹೊರಡಿ.” ಈ ಉಪದೇಶಕ್ಕೆ ಇನ್ನೊಂದು ಉಪಯೋಗ ಉಂಟು, ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮುಂದೆ ಪಿಸ್ಟನ್ ಒಳಗೇ ಸಿಕ್ಕಿಕೊಂಡು ಇಂಜಿನ್ ಹಿಡಿದುಕೊಂಡರೆ, ನೀವು ಜೋರು ಓಡಿಸಿದಿರಿ ಎಂದುಬಿಡಬಹುದು. ನೋಡಿದವರು ಯಾರೂ ಇರುವುದಿಲ್ಲ.

ಈ ಸಲ ಇದ್ದರು. ಆ ವಾರವಿಡೀ ಅಮ್ಮ ಗೊಣಗುತ್ತಿದ್ದಳು. “ಎಂಟೂವರೆಗೆ ಬರುವವ ಒಂಬತ್ತೂಮುಕ್ಕಾಲಿಗೆ ಬರ್ತಾನೆ ಮಾರಾಯ. ಅಷ್ಟೊತ್ತಿಗೆ ಬಂಗುಡೆಯ ಕಣ್ಣು ಕೆಂಪಾಗಿರ್ತದೆ. ನಡ್ಕೊಂಡು ಬಂದ್ರೂ ಇದಕ್ಕಿಂತ ಬೇಗ.” ಅದೇ ಬಂಗುಡೆಯ ಮುಳ್ಳು ಬಿಡಿಸುತ್ತ ನಾನು ನಕ್ಕಿದ್ದೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಏರಿನಲ್ಲಿ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗುವುದೇ ನಿಂತು ಬೈಕು, ಪೆಟ್ಟಿಗೆ, ಸಂಜೀವಣ್ಣ ಎಲ್ಲವೂ ರಸ್ತೆಗೆ. ಮೊಣಕೈಯ ಚರ್ಮ ಕಿತ್ತುಹೋಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಬ್ಲಾಕ್ ಮತ್ತೆ ನನ್ನ ಮೇಜಿಗೆ ಬಂತು. ಗಾಳಿಗೆ ತಣಿಯಲೆಂದು ಅದರ ಸುತ್ತ ಇರುವ ರೆಕ್ಕೆಗಳ ಸಂದಿಯಲ್ಲಿ ಮೀನಿನ ಪೊರೆ ಒಣಗಿ ಅಂಟಿಕೊಂಡಿತ್ತು, ಕೊಳೆತ ನಾತ. ಗೀರು ಬೀಳದ ಕಡೆ ಅಳೆದೆ. ಇರಬೇಕಾದ ಜಾಗದ ಅರ್ಧವೂ ಇರಲಿಲ್ಲ. ಅಳೆದ ಉಪಕರಣವನ್ನು ಒರೆಸಿ, ಬಟ್ಟೆ ಸುತ್ತಿ, ಅದರ ಡಬ್ಬಿಯಲ್ಲಿಟ್ಟೆ — ಎಷ್ಟು ನಾಜೂಕಾಗಿ.

ಆ ತಿಂಗಳೇ ಹರೀಶ ರಜೆಯಲ್ಲಿ ಊರಿಗೆ ಬಂದ. ಭಾವನನ್ನು ಕರೆದುಕೊಂಡು ಅಂಗಡಿಗೆ ಬಂದ. ಬೇರೆ ಗಿರಾಕಿಗಳು ಮೂವರೋ ನಾಲ್ವರೋ ಇದ್ದರು.

“ತಪ್ಪು ಯಾರದ್ದು, ನೀವೇ ಹೇಳಿ. ನೀವು ಹೇಳಿದ ಹಾಗೆ ಆಗ್ಲಿ,” ಎಂದ ಹರೀಶ.

“ಬ್ಲಾಕ್ ನೋಡಿದ್ರೆ ಗೊತ್ತಾಗ್ತದೆ. ಜೋರು ಓಡಿಸಿದ್ದಾರೆ.”

ಸಂಜೀವಣ್ಣ ಜಗಳಕ್ಕೆ ಬರಲಿಲ್ಲ. “ನಿಮ್ಮ ಅಮ್ಮನಲ್ಲಿ ಕೇಳಿ, ಮೀನು ಎಷ್ಟು ಗಂಟೆಗೆ ಬರ್ತಿತ್ತು ಅಂತ,” ಎಂದರು. ನಾನೇನೋ ಮರೆತಿದ್ದೇನೆ, ನೆನಪಿಸಿದರೆ ಸಾಕು ಎಂಬ ಹಾಗೆ.

“ಅಮ್ಮನಿಗೆ ಗಡಿಯಾರ ನೋಡ್ಲಿಕ್ಕೆ ಎಲ್ಲಿ ಬರ್ತದೆ?” ಎಂದೆ.

ಎಲ್ಲರೂ ನಕ್ಕರು. “ಪೆಟ್ಟಿಗೆ ಕಟ್ಟಿ ರೇಸಿಗೆ ಹೋದದ್ದಾ ಸಂಜೀವಣ್ಣ? ಮೀನಿಗೆ ಹೆಲ್ಮೆಟ್ ಇತ್ತಾ?” ಎಂದನೊಬ್ಬ. ನಾನೂ ನಕ್ಕೆ. ಹರೀಶ ನಗಲಿಲ್ಲ. “ಮೆಲ್ಲ ಓಡಿಸ್ತೇನೆ ಅಂತ ಫೋನಲ್ಲಿ ಹೇಳಿದ್ದು ಮತ್ತೆ ಯಾಕೆ ಭಾವ? ಸುಳ್ಳು ಹೇಳ್ಬಾರ್ದಿತ್ತು. ಕೀ ಕೊಡಿ.”

ಸಂಜೀವಣ್ಣ ಅಂಗಿಯ ಕಿಸೆಯಿಂದ ಕೀ ತೆಗೆದು, ಅವನ ಕೈಗೆ ಕೊಡದೆ, ನನ್ನ ಮೇಜಿನ ಮೇಲೆ ಬ್ಲಾಕಿನ ಪಕ್ಕದಲ್ಲಿಟ್ಟರು. ನನ್ನ ಮುಖ ನೋಡಿದರು ಎಂದು ಬರೆಯುವ ಆಸೆಯಾಗುತ್ತಿದೆ. ನೋಡಿದರೋ ಇಲ್ಲವೋ — ನಾನು ಕೀಯನ್ನು ನೋಡುತ್ತಿದ್ದೆ. ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು. ಬೈಕ್ ಇಲ್ಲದೆ ಮನೆಮನೆಗೆ ಹೋಗುವ ಮೀನಿನ ಲೈನ್ ಇಲ್ಲ. ಮತ್ತೆ ಆ ಹಾರ್ನ್ ನಮ್ಮ ದಾರಿಯಲ್ಲಿ ಕೇಳಲಿಲ್ಲ. ಈಗ ತೋಡಾರಿನಲ್ಲಿ ಯಾರದ್ದೋ ಕೋಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಬಸ್ಸಿನ ಕಿಟಕಿಯಿಂದ ಎರಡು ಸಲ ಕಂಡೆ. ಎರಡು ಸಲವೂ ತಲೆ ತಗ್ಗಿಸಿ ಮೊಬೈಲ್ ನೋಡಿದೆ, ಅದರಲ್ಲಿ ಏನೂ ಇರಲಿಲ್ಲ.

ನನ್ನ ಕೆಲಸಕ್ಕೆ ಒಳ್ಳೆಯ ಹೆಸರು ಉಂಟು. ‘ಅವನ ಅಳತೆ ತಪ್ಪುವುದಿಲ್ಲ’ ಎನ್ನುತ್ತಾರೆ. ಕೇಳಿದಾಗಲೆಲ್ಲ ಆ ಮೀನಿನ ಪೊರೆ ಉಗುರಿನಡಿಗೆ ಬಂದು ಸೇರಿಕೊಂಡ ಹಾಗಾಗುತ್ತದೆ.

ಹರೀಶ ಈಗ ದುಬೈ ಬಿಟ್ಟು ಊರಿಗೇ ಬಂದಿದ್ದಾನೆ. ಈ ಹಾಳೆಗಳನ್ನು ಮೊದಲು ಅವನಿಗೆ ಓದಿಸುತ್ತೇನೆ, ಆಮೇಲೆ ತೋಡಾರಿಗೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಸಂಜೀವಣ್ಣ ಕೊಟ್ಟುಬಿಡುವ ಮನುಷ್ಯ.

ಅಮ್ಮ ಏಳನೆಯ ಕ್ಲಾಸು ಓದಿದವಳು. ಗೋಡೆ ಗಡಿಯಾರಕ್ಕೆ ಸೆಲ್ ಹಾಕಿ ಮುಳ್ಳು ತಿರುಗಿಸುತ್ತಿದ್ದವಳೇ ಅವಳು. ತೀರಿಕೊಂಡು ಮೂರು ವರ್ಷವಾಯಿತು. ಕೊನೆಯ ವರ್ಷಗಳಲ್ಲಿ ನನಗೆ ಬಡಿಸುವಾಗ ಗಂಟೆ ಹೇಳುತ್ತಿದ್ದಳು — “ಒಂದು ಇಪ್ಪತ್ತು ಆಯ್ತು, ಉಣ್ಣು.” ಮೊದಲಿನಿಂದಲೂ ಹೇಳುತ್ತಿದ್ದಳೋ, ಆ ದಿನದ ನಂತರ ಶುರು ಮಾಡಿದಳೋ. ಅಂಗಡಿಯಲ್ಲಿ ನಕ್ಕವರಲ್ಲಿ ಒಬ್ಬ ಶಿರ್ತಾಡಿಯವ. ನನ್ನ ಆ ಮಾತನ್ನು ಅವನು ಅವಳಿಗೆ ಹೇಳಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.